ಹಿಂದಿನ ಸೀಟಿನ ಓಬಳಪ್ಪ

ಓಬಳಪ್ಪ ಯಾವ ಕಾರಿನ ಬಾನೆಟ್ಟನ್ನೂ ಮೊದಲು ತೆಗೆಯುತ್ತಿರಲಿಲ್ಲ. ಇಂಜಿನ್ ಚಾಲೂ ಮಾಡಲು ಹೇಳಿ, ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಸೈಲೆನ್ಸರ್ ಪೈಪಿನ ಬಾಯಿಗೆ ಗೇಣು ದೂರದಲ್ಲಿ ಬಲಗೈ ಹಿಡಿಯುತ್ತಿದ್ದ. ಅರ್ಧ ನಿಮಿಷ ಬಿಟ್ಟು ಅಂಗೈ ಮೂಸಿ ನೋಡುತ್ತಿದ್ದ. "ಒಂದು ಪ್ಲಗ್ಗು ಸತ್ತೈತೆ" ಅಂತಲೋ, "ಪೆಟ್ರೋಲ್ ಜಾಸ್ತಿ ಕುಡೀತೈತೆ" ಅಂತಲೋ ಹೇಳಿದ ಮೇಲೆಯೇ ಸ್ಪ್ಯಾನರಿಗೆ ಕೈ ಹಾಕುವುದು. ಆ ಅಂಗೈಯ ಗೆರೆಗಳಲ್ಲಿ ಕೂತ ಮಸಿ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಅವನ ಹಸ್ತ ನೋಡಿದ ಜ್ಯೋತಿಷಿಯೇ ಕೈ ತೊಳೆದುಕೊಳ್ಳಬೇಕಾದೀತು ಎಂದು ನಾವು ನಗುತ್ತಿದ್ದೆವು.

ಜಗಳೂರು ಕಡೆಯ ಬಿಳಿಚೋಡಿನವನು. ಕೂಲಿ ಮಾಡುತ್ತಿದ್ದ ಮನೆತನದಿಂದ ಬಂದು, ದಾವಣಗೆರೆಯಲ್ಲಿ ವೆಲ್ಡಿಂಗ್ ಕಲಿತು, ಚನ್ನಗಿರಿಯ ಬಸ್ ಸ್ಟ್ಯಾಂಡ್ ಹಿಂದೆ ತಗಡಿನ ಗ್ಯಾರೇಜು ಹಾಕಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ಅವನು ನನಗೆ "ಸಣ್ಣ ಯಜಮಾನ್ರೇ" ಎನ್ನುತ್ತಿದ್ದ, ನಾನು ಅವನಿಗೆ "ಏನೋ ಓಬಳಪ್ಪ" ಎನ್ನುತ್ತಿದ್ದೆ. ಅಕ್ಕಿ ಗಿರಣಿ ಇದ್ದ ನಮ್ಮ ಮನೆಯಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಈಗ ಬರೆಯುವಾಗ ಬಹುವಚನ ಹಚ್ಚಿದರೆ ಅದು ನನ್ನ ಮುಖಕ್ಕೆ ಹಚ್ಚಿಕೊಂಡ ಪೌಡರ್ ಆದೀತು. ಹಾಗಾಗಿ ಅವತ್ತು ಹೇಗೆ ಕರೆದೆನೋ ಹಾಗೇ ಬರೆಯುತ್ತಿದ್ದೇನೆ.

ಅವನದೊಂದು ನೇಮವಿತ್ತು. ಸೈಲೆನ್ಸರ್ ಬಿಚ್ಚಿ ಕಟ್ಟಿದ ಯಾವ ಕಾರನ್ನೂ ಹಾಗೇ ಕೊಡುತ್ತಿರಲಿಲ್ಲ. ಗ್ಲಾಸುಗಳನ್ನೆಲ್ಲ ಏರಿಸಿ, ತಾನು ಹಿಂದಿನ ಸೀಟಿನಲ್ಲಿ ಕೂತು, ಬೇರೆಯವರ ಕೈಲಿ ಉಬ್ರಾಣಿ ದಾರಿಯಲ್ಲಿ ನಾಲ್ಕು ಮೈಲಿ ಓಡಿಸುತ್ತಿದ್ದ. ಬೇಸಿಗೆಯಲ್ಲೂ ಅಷ್ಟೇ, ಬೆವರು ಸುರಿದರೂ ಗ್ಲಾಸು ಇಳಿಸುವಂತಿಲ್ಲ. "ಮುಂದೆ ಕುಂತೋನಿಗೆ ಸ್ಪೀಡು ಕಾಣ್ತೈತೆ, ಹಿಂದೆ ಕುಂತೋರಿಗೆ ಹೊಗೆ ಕಾಣ್ತೈತೆ. ಹಿಂದೆ ಕುಂತೋರು ಯಾರು? ಹೆಣ್ಮಕ್ಕಳು, ಕೂಸುಗಳು, ವಯಸ್ಸಾದೋರು. ಅವರು ಬಾಯಿ ಬಿಟ್ಟು ಹೇಳಲ್ಲ" ಎನ್ನುವುದು ಅವನ ಮಾತು. ಒಮ್ಮೆ ಸಂತೇಬೆನ್ನೂರಿನ ಮದುವೆ ಮನೆಯವರ ಕಾರಿನಲ್ಲಿ ಹೀಗೆ ಕೂತು ಬಂದು, ಕಣ್ಣು ಉರಿದವು ಎಂದು ಕೀಲಿಯನ್ನೇ ಕೊಡಲಿಲ್ಲ. ಅವರು ಕೂಗಾಡಿದರು. ಮದುಮಗ ಕೊನೆಗೆ ಟ್ರ್ಯಾಕ್ಟರಿನಲ್ಲಿ ಹೋದ. "ಬಾಸಿಂಗಕ್ಕೆ ಧೂಳಾದ್ರೆ ಒರೆಸ್ಕಬೌದು ಬಿಡ್ರಿ" ಎಂದು ಓಬಳಪ್ಪ ಬೀಡಿ ಹಚ್ಚಿದ. ಊರವರು ಅವನ ನೇಮಕ್ಕೆ "ಓಬಳಪ್ಪ ಎದ್ದು ಬಂದ್ರೆ ಗಾಡಿ ಪಾಸು" ಎಂದು ತಮಾಷೆ ಮಾಡುತ್ತಿದ್ದರು.

ನಮ್ಮದು ಸೆಕೆಂಡ್ ಹ್ಯಾಂಡ್ ಅಂಬಾಸಿಡರ್. ಎಪ್ಪತ್ತರ ದಶಕದ ಕೊನೆಗೆ ಅದಕ್ಕೂ ವಯಸ್ಸಾಗಿತ್ತು, ಏರು ಬಂದರೆ ಏದುಸಿರು ಬಿಡುತ್ತಿತ್ತು. ನನ್ನ ಅಕ್ಕ ಸರೋಜಳನ್ನು ಜಗಳೂರಿಗೆ ಕೊಟ್ಟಿದ್ದೆವು. ಭಾವನ ಹತ್ತಿರ ಫಿಯೆಟ್ ಇತ್ತು. ಒಂದು ಸಲ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ ಹೋಗಿ, ಮನೆಯಲ್ಲಿ ಎಲ್ಲರ ಮುಂದೆ, "ನಿಮ್ಮ ಗಾಡೀಗೆ ದಮ್ಮಿನ ಕಾಯಿಲೆ ಏನಪ್ಪ, ಡಾಕ್ಟ್ರಿಗೆ ತೋರಿಸ್ರಿ" ಅಂದರು. ಇಪ್ಪತ್ನಾಲ್ಕು ವರ್ಷದವನಿಗೆ ಅಷ್ಟು ಸಾಕಿತ್ತು. ಅಕ್ಕನನ್ನು ಚೊಚ್ಚಲ ಹೆರಿಗೆಗೆ ಕರೆತರಲು ಹೋಗುವಷ್ಟರಲ್ಲಿ ಗಾಡಿಗೆ ಹುರುಪು ತರಿಸಲೇಬೇಕೆಂದು ಗ್ಯಾರೇಜಿಗೆ ಹೋದೆ.

ದಾವಣಗೆರೆಯಲ್ಲಿ ಯಾರದೋ ಕಾರಿಗೆ ಮಾಡಿದ್ದನ್ನು ನೋಡಿ ಬಂದಿದ್ದೆ. ದಪ್ಪ ಪೈಪು, ಒಳಗಿನ ಜಾಲರಿ ಕಿತ್ತ ಸೈಲೆನ್ಸರ್. ಪೈಪು ಹಿಂದಿನ ಬಂಪರಿನ ತನಕ ಹೋಗದೆ ಹಿಂದಿನ ಚಕ್ರದ ಮುಂದೆಯೇ ಮುಗಿಯಬೇಕು, ಹೊಗೆ ಬೇಗ ಹೊರಬಿದ್ದಷ್ಟೂ ಎಳೆತ ಜಾಸ್ತಿ. ಓಬಳಪ್ಪ ಎಲ್ಲ ಕೇಳಿಸಿಕೊಂಡ.

"ದಪ್ಪ ಪೈಪು ಹಾಕಾನ. ಬಾಲ ಮಾತ್ರ ಕತ್ತರಿಸಬ್ಯಾಡ್ರಿ. ಹಳೇ ಗಾಡಿ, ತಳದಾಗೆ ತುಕ್ಕಿನ ತೂತು ಅದಾವೆ. ಹೊಗೆ ಹೊಟ್ಟೆ ಕೆಳಗೆ ಬಿಟ್ರೆ ಒಳಗೆ ಬರ್ತೈತೆ."

"ತೂತು ಮುಚ್ಚಿಬಿಡು."

"ಕಂಡ ತೂತು ಮುಚ್ಚಬೌದು. ಕಾಣದ್ದು?"

ನಾನು ಮುಖ ಗಂಟಿಕ್ಕಿದೆ. "ನಿನ್ನ ಕೈಲಾಗಲ್ಲ ಅಂದ್ರೆ ದಾವಣಗೆರೆಗೆ ಹೋಗ್ತೀನಿ" ಅಂದೆ. ಅವನು ಅಂಗೈ ನೋಡಿಕೊಳ್ಳುತ್ತ ಕೂತಿದ್ದು, ಕೊನೆಗೆ ಒಪ್ಪಿದ. "ಆತು, ಮಾಡ್ತೀನಿ. ನಾನು ಹಿಂದೆ ಕುಂತು ನೋಡೋ ತನಕ ಮನೆಯೋರನ್ನ ಕೂರಿಸಬ್ಯಾಡ್ರಿ."

ಕೆಲಸ ಮುಗಿದದ್ದು ಸಂಜೆ. ಬೆಳಿಗ್ಗೆ ಅವನು ಕೂತು ನೋಡುವುದೆಂದು ಮಾತಾಯಿತು, ನಾನು ಗಾಡಿ ಮನೆಗೆ ಒಯ್ದೆ. ಅದರ ಗುಡುಗಿಗೆ ಬೀದಿ ನಾಯಿಗಳು ಮನೆಯ ತನಕ ಅಟ್ಟಿಸಿಕೊಂಡು ಬಂದವು. ನನಗೆ ಮೆರವಣಿಗೆ ಹೊರಟಷ್ಟು ಖುಷಿ. ಬೆಳಿಗ್ಗೆ ಮಾತ್ರ ತಡವಾಯಿತು. ರಾಹುಕಾಲಕ್ಕೆ ಮೊದಲು ಊರು ಬಿಡಬೇಕೆಂದು ಅಪ್ಪ ಅವ್ವ ಬಾಗಿಲಲ್ಲೇ ನಿಂತಿದ್ದರು. ನಾನು ಗ್ಯಾರೇಜಿಗೆ ಹೋದಾಗ ಓಬಳಪ್ಪ ಕೈ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಿಗೆ ಬಂದ.

"ಬೇಡ, ನಿನ್ನೆ ರಾತ್ರಿಯೇ ನೋಡಿದೆ. ಗಿರಣಿ ಡ್ರೈವರ್ ಓಡಿಸಿದ, ನಾನು ಹಿಂದೆ ಕೂತಿದ್ದೆ. ಏನೂ ವಾಸನೆ ಇಲ್ಲ" ಅಂದೆ.

"ಎಲ್ಲಾ ಗ್ಲಾಸೂ ಏರ್ಸಿದ್ರೇನು?"

"ಹೂಂ."

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಗ್ಲಾಸು ತಿರುಗಿಸುವ ಹಿಡಿಯೊಂದನ್ನು ತೆಗೆದು ಎಡಗಡೆಯ ಹಿಂದಿನ ಬಾಗಿಲಿಗೆ ಕೂರಿಸಿದ. ಗ್ಲಾಸನ್ನು ಏರಿಸಿ, ಇಳಿಸಿ ನೋಡಿದ. "ಮಳೆ ಬರೋ ಹಂಗೈತೆ, ಬೇಕಾಗ್ತೈತೆ. ಹೋಗಿ ಬರ್ರಿ" ಎಂದ.

ಹೋಗುವಾಗ ಗ್ಲಾಸುಗಳೆಲ್ಲ ಇಳಿದೇ ಇದ್ದವು, ಯಾರಿಗೂ ಏನೂ ಆಗಲಿಲ್ಲ. ವಾಪಸು ಬರುವಾಗ ಅಪ್ಪ ನನ್ನ ಪಕ್ಕ, ಅವ್ವ ಮತ್ತು ಅಕ್ಕ ಹಿಂದೆ. ಬಿಳಿಚೋಡು ಕಳೆದ ಮೇಲೆ ಎರಡು ಲಾರಿ, ಒಂದು ಬಸ್ಸು ಹಿಂದೆ ಹಾಕಿದೆ. "ಇವತ್ತು ಗಾಡಿ ಹುರುಪಾಗೈತೆ" ಎಂದು ಅಪ್ಪ ಮೀಸೆಯಲ್ಲೇ ನಕ್ಕರು. ದಾವಣಗೆರೆ ದಾಟಿದ್ದೇ ಮಳೆ ಹೊಡೆಯಿತು. ಗ್ಲಾಸುಗಳನ್ನೆಲ್ಲ ಏರಿಸಿದೆವು. ಅವ್ವ ತಲೆ ಭಾರ ಅಂದಳು. ಕಾರಿನ ಪ್ರಯಾಣ ಆಗಿಬರುವುದಿಲ್ಲ ನಿನಗೆ, ನಿಂಬೆಹಣ್ಣು ಮೂಸು ಅಂದೆ. ಕನ್ನಡಿಯಲ್ಲಿ ನೋಡಿದರೆ ಅಕ್ಕ ಅವ್ವನ ಭುಜಕ್ಕೆ ಒರಗಿ ಮಲಗಿದ್ದಳು. ಮಲಗಿದ್ದಾಳೆ ಅಂದುಕೊಂಡೆ. ಸಂತೇಬೆನ್ನೂರು ಇನ್ನೇನು ಬಂತು ಅನ್ನುವಾಗ ಅವ್ವನ ಧ್ವನಿ ಕೇಳಿತು, "ಸರೋಜಾ ಎಬ್ಬಿಸಿದ್ರೆ ಏಳವಲ್ಲಳು ಕಣೋ."

ಬಾಗಿಲು ತೆರೆದು ಮಳೆಯಲ್ಲೇ ಅವಳನ್ನು ಇಳಿಸಿಕೊಂಡೆವು. ಅವ್ವ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡಳು. ಅದೇ ಹೊಗೆಯ ಕಾರಿಗೆ ಮತ್ತೆ ಹತ್ತಿಸುವ ಧೈರ್ಯ ಬರಲಿಲ್ಲ, ಯಾವುದೋ ಎತ್ತಿನ ಗಾಡಿಯವರು ಅಕ್ಕನನ್ನು ಹತ್ತಿರದ ಡಾಕ್ಟರ ಬಳಿ ಮುಟ್ಟಿಸಿದರು. ಸಂಜೆಗೆ ಅವಳು ಕಣ್ಣು ಬಿಟ್ಟಳು. ಹೊಟ್ಟೆಯಲ್ಲಿರುವ ಕೂಸಿನ ಗತಿ ಏನೆಂದು ಅಪ್ಪ ಕೇಳಿದಾಗ ಡಾಕ್ಟರು, "ಹೆರಿಗೆ ಆಗೋ ತನಕ ಏನೂ ಹೇಳಾಕೆ ಬರಲ್ಲ" ಅಂದರು.

ಮರುದಿನ ಅಪ್ಪ ಗ್ಯಾರೇಜಿಗೆ ಹೋದರು. ನಾನು ಹಿಂದೆ ಹೋದೆ. ಹತ್ತಾರು ಜನರ ಎದುರು ಅಪ್ಪ, "ನಿನ್ನ ಕೈ ನಂಬಿ ಬಸುರಿ ಮಗಳನ್ನ ಕೂರಿಸಿದ್ನಲ್ಲೋ. ಹಿಂದೆ ಕುಂತು ನೋಡ್ದೆ ಗಾಡಿ ಕೊಡಲ್ಲ ಅಂತಿದ್ದೆ, ಎಲ್ಲಿ ಹೋಗಿತ್ತು ನಿನ್ನ ನೇಮ?" ಎಂದರು. ಓಬಳಪ್ಪ ನನ್ನ ಕಡೆ ನೋಡಿದ. ನಾನು ನೆಲದ ಮೇಲೆ ಬಿದ್ದಿದ್ದ ನಟ್ಟು ಬೋಲ್ಟು ನೋಡಿದೆ. ಒಂದು ಮಾತು ಸಾಕಿತ್ತು. ಆ ಮಾತು ಗಂಟಲಿನ ತನಕ ಬಂದಿತ್ತು ಅಂತ ಬರೆದರೆ ಅದೂ ಸುಳ್ಳಾಗುತ್ತದೆ, ಬಂದಿರಲಿಲ್ಲ. ನನಗೆ ಅವತ್ತು ಅಪ್ಪನ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ.

"ತಪ್ಪು ನಂದೇ ಯಜಮಾನ್ರೇ" ಎಂದ ಓಬಳಪ್ಪ.

ಎರಡು ತಿಂಗಳು ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಹೆಣ್ಣು ಕೂಸು ಹುಟ್ಟಿ, ಓಣಿಗೆಲ್ಲ ಕೇಳುವಂತೆ ಅತ್ತಿತು. ಹಿತ್ತಲಿಗೆ ಹೋಗಿ ನಾನೂ ಅತ್ತೆ. ಅಷ್ಟರಲ್ಲಿ ಓಬಳಪ್ಪನ ಗ್ಯಾರೇಜಿಗೆ ಸಂಸಾರದ ಕಾರುಗಳು ಬರುವುದು ನಿಂತಿತ್ತು. ಅವನು ತಗಡು ಬಿಚ್ಚಿಕೊಂಡು ನ್ಯಾಮತಿಗೆ ಹೋದ.

ಎಂಟು ವರ್ಷವಾದ ಮೇಲೆ, ಹೊನ್ನಾಳಿಗೆ ಹೋಗಿದ್ದವನು ಅಲ್ಲಿಂದ ನ್ಯಾಮತಿಗೆ ಕಾರು ತಿರುಗಿಸಿದೆ. ಟ್ರ್ಯಾಕ್ಟರಿನ ಅಡಿಯಿಂದ ಓಬಳಪ್ಪ ಎದ್ದು ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಿಗೆ ಮೊದಲು ನನ್ನ ಗಾಡಿಯ ಹಿಂದೆ ಕೂತು ಅಂಗೈ ಹಿಡಿದ. "ಚೆನ್ನಾಗೈತೆ" ಎಂದ. ಕಾರಿನ ಕೆಲಸ ಬಿಟ್ಟೆಯಾ ಎಂದೆ. "ಲಾರೀಗೆ, ಟ್ರ್ಯಾಕ್ಟರಿಗೆ ಹಿಂದಿನ ಸೀಟಿಲ್ಲ ನೋಡ್ರಿ" ಎಂದು ನಕ್ಕ.

ಆಗ ಹೇಳಿದೆ. ಅವತ್ತು ನಾನು ಹಿಂದೆ ಕೂತಿರಲಿಲ್ಲ, ಸುಳ್ಳು ಹೇಳಿದ್ದೆ ಅಂದೆ.

"ಗೊತ್ತಿತ್ತು ಬಿಡ್ರಿ. ಎಡಗಡೆ ಗ್ಲಾಸಿನ ಹಿಡಿ ಹಿಂದಿನ ದಿನಾನೇ ರಿಪೇರಿಗೆ ಬಿಚ್ಚಿದ್ದೆ. ಗ್ಲಾಸು ಇಳಿದೇ ಇತ್ತು, ಹಿಡಿ ನನ್ನ ಜೇಬಿನಾಗಿತ್ತು. ನೀವು ಎಲ್ಲಾ ಗ್ಲಾಸು ಏರ್ಸಿದ್ದೆ ಅಂದ್ರಿ."

"ಗೊತ್ತಿದ್ದೂ ಯಾಕೆ ಕೊಟ್ಟೆ?"

"ಯಜಮಾನ್ರ ಮಗನ್ನ ನಿಂತ ಜಾಗದಾಗೆ ಸುಳ್ಳುಗಾರ ಅನ್ನಾಕೆ ನನಗೆ ಬಾಯಿ ಬರಲಿಲ್ಲ. ಅನ್ನಬೇಕಿತ್ತು. ಆ ಹಿಡಿ ಹಾಕದಿದ್ರೂ ಆಗ್ತಿತ್ತು, ಗಾಳಿ ಆಡ್ತಿತ್ತು. ಅದನ್ನೂ ಹಾಕಿ ಕಳಿಸಿದೆ. ಅದಕ್ಕೇ ತಪ್ಪು ನಂದೇ ಅಂದಿದ್ದು." ಆಮೇಲೆ ಕೇಳಿದ, "ಕೂಸು ಹೆಂಗೈತೆ?"

"ಮೂರನೇ ಕ್ಲಾಸು. ಚೆನ್ನಾಗಿದಾಳೆ."

ಅವನು ಮುಖ ಆಚೆ ತಿರುಗಿಸಿ ಬಟ್ಟೆಯಿಂದ ಒರೆಸಿಕೊಂಡ. ಕ್ಷಮಿಸು ಎಂದೆ. "ನಂಗೆ ಹೇಳಿ ಏನು ಬಂತು, ನಂಗೆ ಮೊದ್ಲೇ ಗೊತ್ತು. ಗೊತ್ತಿಲ್ದೋರಿಗೆ ಹೇಳ್ರಿ" ಎಂದ. ಆಗಲಿ, ಈ ವಾರವೇ ಅಪ್ಪನಿಗೆ ಹೇಳುತ್ತೇನೆ ಎಂದು ಕಾರು ಹತ್ತಿದೆ.

ಆ ವಾರ ಗಿರಣಿಯ ಬೆಲ್ಟು ಹರಿಯಿತು. ಮುಂದಿನ ವಾರ ಅಪ್ಪನಿಗೆ ಜ್ವರ. ನೆಪಗಳಿಗೆ ಬರವಿರಲಿಲ್ಲ. ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ನ್ಯಾಮತಿ ಕಡೆಯ ಲಾರಿ ಡ್ರೈವರೊಬ್ಬ ಗಿರಣಿಗೆ ಬಂದವನು ಓಬಳಪ್ಪ ತೀರಿಕೊಂಡನೆಂದು ಹೇಳಿದ. ಜಗುಲಿಯ ಮೇಲೆ ಕೂತಿದ್ದ ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಒಳ್ಳೆ ಕೈ ಕಣೋ ಅವನದು" ಅಂದರು ಆಮೇಲೆ. "ಅವತ್ತೊಂದಿನ ಮಾತ್ರ ಯಾಕೋ ಹಿಂದೆ ಕುಂತು ನೋಡ್ಲಿಲ್ಲ, ಅಲ್ವೇನೋ?"

ನಾನು "ಹೂಂ" ಅಂದೆ.