ಮೀಟರ್ ಬೋರ್ಡಿಗೊಂದು ಹಣೆಬೊಟ್ಟು

ಲೋಕೇಶ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾನೆ, ಕಾರು ಮಾತ್ರ ಮುಂದೆ ಹೋಗುತ್ತಿಲ್ಲ. ಎಡಕ್ಕೆ ತೆಂಗಿನಕಾಯಿ ತುಂಬಿದ ಲಾರಿ. ಎದುರಿಗೆ ಬಸ್ಸು. ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ? ನಾನಂತೂ ಕಣ್ಣು ಮುಚ್ಚಿಕೊಂಡೆ. (ದೇವರನ್ನು ನೆನೆಯಲಿಲ್ಲ, ಸುಳ್ಳು ಯಾಕೆ ಹೇಳಲಿ? ಅಷ್ಟು ಟೈಮೇ ಇರಲಿಲ್ಲ.)

ಕಳೆದ ಶನಿವಾರ ಹೊನ್ನವಳ್ಳಿಯಲ್ಲಿ ನೆಂಟರ ಮನೆಯ ನಾಮಕರಣದ ಊಟ ಮುಗಿಸಿ ತಿಪಟೂರಿಗೆ ಬರುತ್ತಿದ್ದೆವು. ಓಡಿಸುತ್ತಿದ್ದವನು ನನ್ನ ಭಾಮೈದ ಲೋಕೇಶ. ಪಕ್ಕದಲ್ಲಿ ನಾನು. ಹಿಂದೆ ನನ್ನ ಹೆಂಡತಿ, ಅಂದರೆ ಅವನ ಅಕ್ಕ.

ನಮ್ಮ ಪುಣ್ಯ ದೊಡ್ಡದು. ಲೋಕೇಶ ಬ್ರೇಕ್ ಒತ್ತಿ ಹೇಗೋ ಲಾರಿಯ ಹಿಂದಕ್ಕೆ ನುಸುಳಿದ. ಬಸ್ಸು ಹಾರನ್ ಬಾರಿಸುತ್ತಾ ಒಂದು ಗೇಣು ಅಂತರದಲ್ಲಿ ದಾಟಿ ಹೋಯಿತು. ಕಾರು ರಸ್ತೆ ಬದಿಗೆ ನಿಂತಿತು. ಟರ್ಬೊ ಕಾರು, ಓವರ್‌ಟೇಕ್ ಮಾಡಲು ಇದನ್ನು ಬಿಟ್ಟರಿಲ್ಲ ಅಂತ ಊರೆಲ್ಲ ಕೊಚ್ಚಿಕೊಳ್ಳುತ್ತಿದ್ದನಲ್ಲ, ಅದಕ್ಕೇನು ಬಡಿಯಿತು?

ಆಗ ಕಣ್ಣಿಗೆ ಬಿತ್ತು. ಸ್ಪೀಡ್ ತೋರಿಸುವ ಮುಳ್ಳಿನ ಪಕ್ಕ ಒಂದು ಮೆರೂನ್ ಬೊಟ್ಟು. ಹೆಂಗಸರು ಹಣೆಗಿಟ್ಟುಕೊಳ್ಳುವ ಸ್ಟಿಕ್ಕರ್. ಆಯುಧಪೂಜೆಯದ್ದಿರಬೇಕು ಅಂದುಕೊಂಡು ಉಗುರಿನಿಂದ ಕಿತ್ತೆ. ಕೆಳಗೆ ಹಳದಿ ದೀಪ ಉರಿಯುತ್ತಿದೆ! ಇಂಜಿನ್ ಚಿತ್ರದ್ದು.

"ಇದೇನ್ಲಾ ಲೋಕಿ?"

"ಪೈಪ್ ಹಾಕ್ಸಿದಾಗಿಂದ ಉರೀತಾನೇ ಐತೆ ಭಾವ. ಕಣ್ಣಿಗೆ ಚುಚ್ಚೋದು. ಅದ್ಕೇ ಅಂಟಿಸ್ಬುಟ್ಟೆ."

ಅಂಟಿಸಿಬಿಟ್ಟನಂತೆ!

ಬರೀ ಹಿಂದಿನ ಸೈಲೆನ್ಸರ್ ಬದಲಾಯಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಸದ್ದು ಗಡುಸಾಗಿ ಬರಲಿ ಅಂತ ಈ ಮಹಾರಾಯ ಟರ್ಬೊ ಬಾಯಿಂದಲೇ ಹೊಗೆ ಹೋಗುವ ದಪ್ಪ ಪೈಪ್ ಹಾಕಿಸಿದ್ದ. ಹಾಕಿದವನು ಹೇಳಿಯೂ ಇದ್ದನಂತೆ, ಕಾರಿನ ಕಂಪ್ಯೂಟರನ್ನು ಮತ್ತೆ ಟ್ಯೂನ್ ಮಾಡಿಸದೆ ಓಡಿಸಬೇಡಿ ಅಂತ. ಇವನು ನೋಡೋಣ ಅಂದು ಎದ್ದು ಬಂದಿದ್ದ.

ಹಿಂದೆ ಕೂತಿದ್ದ ನನ್ನ ಹೆಂಡತಿ ಬಾಗಿಲು ತೆಗೆದು ಇಳಿದಳು.

"ನಾನು ಬಸ್ಸಲ್ಲೇ ಬತ್ತೀನಿ. ಆ ಬೊಟ್ಟು ನಿನ್ ಹೆಂಡ್ತಿದು ಕಣ್ಲಾ. ನೀನಿದ್ರೆ ತಾನೇ ಅವ್ಳು ಇಟ್ಕೊಳ್ಳೋದು?"

ನಾವಿಬ್ಬರು ಎತ್ತಿನ ಗಾಡಿಯ ಸ್ಪೀಡಿನಲ್ಲಿ ತಿಪಟೂರಿನ ಗ್ಯಾರೇಜ್ ಸೇರಿದೆವು.

ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು, ನನಗೆ ಪರಿಚಯದವರೇ. ಬೊಟ್ಟಿನ ಕಥೆ ಕೇಳಿ ನಗಲಿಲ್ಲ. ಹೊಗೆಯ ರಭಸಕ್ಕೇ ಟರ್ಬೊ ತಿರುಗುವುದು, ಹೊಗೆಗೆ ದಾರಿ ಅಗಲ ಮಾಡಿದರೆ ಅದು ಇನ್ನೂ ಜೋರಾಗಿ ತಿರುಗುತ್ತದೆ, ಇಂಜಿನ್ನಿಗೆ ಲೆಕ್ಕ ಮೀರಿ ಗಾಳಿ ನುಗ್ಗಿದಾಗ ಅದನ್ನು ಉಳಿಸಲು ಕಂಪ್ಯೂಟರ್ ಪವರ್ ಕಟ್ ಮಾಡುತ್ತದೆ ಎಂದರು. ಟ್ಯೂನ್ ಮಾಡಿಸುವ ತನಕ ಹಳೇ ಪೈಪೇ ಇರಲಿ ಅಂತ ಕಾರನ್ನು ಅಲ್ಲೇ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ತೋಟ ಇರೋ ನಿಮ್ಗೆ ನಾನೇನ್ ಹೇಳ್ಲಿ ಸಾರ್? ಬೋರ್‌ವೆಲ್ ಮೋಟಾರ್‌ಗೆ ಲೋಡ್ ಜಾಸ್ತಿ ಆದ್ರೆ ಸ್ಟಾರ್ಟರ್ ಟ್ರಿಪ್ ಆಗಿ ಕರೆಂಟ್ ಕಟ್ ಆಗಲ್ವಾ? ಇದೂ ಅದೇ ಕಣ್ರೀ."

ಎಲ್ಲ ಬಲ್ಲವನ ಹಾಗೆ ತಲೆಯಾಡಿಸಿದೆ. ಆಟೋದಲ್ಲಿ ಮನೆಗೆ ಬರುವಾಗ ಲೋಕೇಶನಿಗೆ ದಾರಿಯುದ್ದಕ್ಕೂ ಬೈದೆ. ಓದಿದ್ದೀಯ, ಬುದ್ಧಿ ಬೇಡವಾ, ಎಚ್ಚರಿಸುವ ದೀಪಕ್ಕೇ ಬೊಟ್ಟಿಡುತ್ತಾರಾ? ಮನೆ ಸೇರಿದರೂ ಕೋಪ ಇಳಿದಿರಲಿಲ್ಲ.

ಆ ದಾರಿಯಲ್ಲಿ ಬಸ್ಸು ಅಪರೂಪ, ಹೆಂಡತಿ ಇನ್ನೂ ಬಂದಿರಲಿಲ್ಲ. ದಿನಾ ತೋಟಕ್ಕೆ ನೀರು ಬಿಡುವವಳು ಅವಳು. ಇವತ್ತೊಂದು ದಿನ ನಾನೇ ಬಿಡೋಣ ಅಂತ ಹೋಗಿ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ತೆಗೆದೆ.

ಪದೇ ಪದೇ ಟ್ರಿಪ್ ಆಗುತ್ತದಲ್ಲ ಅಂತ, ಆಗದ ಹಾಗೆ, ಬೇಸಿಗೆಯಲ್ಲಿ ನಾನೇ ಸಿಕ್ಕಿಸಿದ್ದ ತೆಂಗಿನ ಮಟ್ಟೆಯ ಚಕ್ಕೆ ಒಳಗೆ ಭದ್ರವಾಗಿ ಕೂತಿತ್ತು. ಅವಳು ದಿನಾ ಒದ್ದೆ ಕೈಯಲ್ಲಿ ಮುಟ್ಟುವ ಪೆಟ್ಟಿಗೆ ಅದು.

ಲೋಕೇಶನಿಗೆ ಅಂತ ಉಳಿಸಿಕೊಂಡಿದ್ದ ಬೈಗುಳವನ್ನೆಲ್ಲ ಈಗ ಯಾರಿಗೆ ಬೈಯಲಿ?