ಎಡಬಾಗಿಲಿನ ನೆಗ್ಗು

ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲಕ್ಕೆ ಆದೋನಿಯ ಗಾಳಿಯಲ್ಲೆಲ್ಲ ಹತ್ತಿ. ಬೇಸಿಗೆ ಬಂತೆಂದರೆ ಜಿನ್ನಿಂಗ್ ಮಿಲ್ಲುಗಳಿಂದ ಹಾರಿದ ಎಳೆ ರೊಟ್ಟಿಯ ಮೇಲೆ, ತಲೆಗೂದಲಲ್ಲಿ, ಕುಡಿಯುವ ನೀರಿನಲ್ಲಿ ಕೂಡ. ಆಗಿನ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ಮೂಗಿಗೆ ಆ ಕೆರೆತ ಇನ್ನೂ ನೆನಪಿದ್ದೀತು. ಅವರು ಆ ದಿನಗಳನ್ನು ನೆನೆದು ಕಣ್ಣು ಒರೆಸಿಕೊಳ್ಳುತ್ತಾರೋ ಏನೋ, ನನಗೆ ಮಾತ್ರ ಮೊದಲು ಬರುವುದು ಸಿಟ್ಟು. ಸತ್ತವರನ್ನು ಆಡಿಕೊಳ್ಳಬಾರದು ಅನ್ನುತ್ತಾರೆ. ನಾನು ಆಡಿಕೊಳ್ಳುತ್ತೇನೆ. ಅಂಥದೊಂದು ಮಿಲ್ಲಿನ ಸಾಹುಕಾರ ಮಣ್ಣಾಗಿ ಎಷ್ಟೋ ವರ್ಷವಾಯಿತು, ನನ್ನ ಹೊಟ್ಟೆಯ ಉರಿ ಆರಿಲ್ಲ.

ನಮ್ಮಪ್ಪ ಈರಣ್ಣ ಆ ಸಾಹುಕಾರನ ಕಾರಿನ ಡ್ರೈವರ್. ಯುದ್ಧಕ್ಕೂ ಮುಂಚಿನ ವಿಲಾಯತಿ ಗಾಡಿ ಅದು. ಕಪ್ಪು ಬಣ್ಣ, ಎರಡೂ ಕಡೆ ಹತ್ತಿ ಇಳಿಯಲು ಉದ್ದನೆಯ ಫುಟ್‌ಬೋರ್ಡು, ರಬ್ಬರು ಗುಂಡು ಹಿಚುಕಿದರೆ ಕೂಗುವ ಹಾರನ್ನು. ಸಾಹುಕಾರನ ಮಗನಿಗೆ ಆಗಷ್ಟೇ ಮೀಸೆ ಚಿಗುರಿತ್ತು. ಒಂದು ಸಂಜೆ ಮಾಧವರಂನಿಂದ ಬರುವಾಗ ಹಟ ಮಾಡಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿ ತಾನೇ ಸ್ಟೇರಿಂಗ್ ಹಿಡಿದ. ಎದುರಿಗೆ ಕುರಿಹಿಂಡು ಬಂತು. ಗಾಬರಿಬಿದ್ದು ತಿರುಗಿಸಿದ. ಗಾಡಿಯ ಎಡಮಗ್ಗುಲು ಹೋಗಿ ಹಳ್ಳದ ಸೇತುವೆಯ ಕಲ್ಲುಕಟ್ಟೆಗೆ ಬಡಿಯಿತು. ಯಾರಿಗೂ ಗಾಯವಾಗಲಿಲ್ಲ. ಮಡ್‌ಗಾರ್ಡು ಮುದುಡಿ, ಎಡಬಾಗಿಲು ಒಳಕ್ಕೆ ನೆಗ್ಗಿತು.

ಮರುದಿನ ಮಿಲ್ಲಿನ ಗೇಟಿನಲ್ಲಿ, ಹಮಾಲರು, ಹತ್ತಿ ಆರಿಸುವ ಹೆಂಗಸರು ಎಲ್ಲರೂ ನೋಡುತ್ತಿದ್ದಂತೆ ಸಾಹುಕಾರ ಅಪ್ಪನ ಕೈಯಿಂದ ಕೀಲಿ ಕಿತ್ತುಕೊಂಡ. "ಕುಡಿದು ಗಾಡಿ ಹೊಡಿಯೋನಿಗೆ ನನ್ನ ಮಿಲ್ಲಿನಾಗ ಕೆಲಸ ಇಲ್ಲ. ನಡಿ ಆಚೆ" ಅಂದ. ಮಗ ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ಹುಟ್ಟಿದಾಗಿನಿಂದ ಸೇಂದಿ ಮುಟ್ಟಿದವನಲ್ಲ. ಆದರೆ ದೊಡ್ಡವರು ಆಡಿದ್ದೇ ಮಾತು. ಆಮೇಲೆ ಊರಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಅವನು ಡಬ್ಬಿ, ಕೊಡ ಬೆಸೆಯುತ್ತಾ ಅಂಗಳದಲ್ಲಿ ಕೂತ. ಅವ್ವ ಮಂದಿಯ ಹೊಲಕ್ಕೆ ಹತ್ತಿ ಬಿಡಿಸಲು ಹೋದಳು. ಓಣಿಯ ಹುಡುಗಿಯರು ಕುಂಟಬಿಲ್ಲೆಗೆ ಕರೆಯುವಾಗಲೂ ನನ್ನನ್ನು "ಕುಡುಕನ ಮಗಳೇ" ಅಂತ ಕರೆದರು. ಹಾಗಂದ ಒಬ್ಬಳ ಜಡೆ ಹಿಡಿದು ಮಣ್ಣು ಮುಕ್ಕಿಸಿದ್ದೇನೆ. ಅದರ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಸಾಹುಕಾರ ಹೊಸ ಕಾರು ತಂದ. ಹಳೆಯದು ಮಿಲ್ಲಿನ ಹಿಂದೆ ಮಳೆಯಲ್ಲಿ ನೆನೆದು ನೆನೆದು ಕೊನೆಗೆ ಗುಜರಿ ಸಾಬರ ಪಾಲಾಯಿತು. ಸುದ್ದಿ ಅವ್ವನ ಕಿವಿಗೆ ಬಿದ್ದದ್ದೇ ತಡ, ತವರಿನವರು ಹಾಕಿದ್ದ ಬೆಳ್ಳಿ ಡಾಬನ್ನು ಸೊಂಟದಿಂದ ಬಿಚ್ಚಿಕೊಟ್ಟು ಆ ಗಾಡಿಯನ್ನು ತಂದೇಬಿಟ್ಟಳು. ಜೋಡೆತ್ತು ಕಟ್ಟಿ ಎಳೆಸಿ ಬೇವಿನ ಮರದ ಕೆಳಗೆ ನಿಲ್ಲಿಸಿದಾಗ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.

"ನಿನಗೇನು ತಲಿ ಕೆಟ್ಟೈತೇನು? ಈ ತುಕ್ಕಿನ ಡಬ್ಬಿ ತಗೊಂಡು ನಾ ಏನು ಮಾಡ್ಲಿ?" ಅಂದ ಅಪ್ಪ.

"ರಿಪೇರಿ ಮಾಡು. ಇದೇ ಗಾಡಿ ಹೊಡ್ಕೊಂಡು ಅವನ ಗೇಟಿನ ಮುಂದ ಹೋಗು. ಕುಡುಕ ಅಂದದ್ದು ಅಲ್ಲಿ, ತೊಳಕೋಬೇಕಾದ್ದೂ ಅಲ್ಲೇ."

ಆ ಬೇಸಿಗೆಯಿಡೀ ನಮ್ಮ ಅಂಗಳದಲ್ಲಿ ಅದೇ ಕೆಲಸ. ಎಂಜಿನ್ನು ಅಪ್ಪನ ಮಾತು ಬೇಗ ಕೇಳಿತು. ಹಾಳಾಗಿದ್ದದ್ದು ತಗಡು. ಇಟ್ಟಿಗೆ ಚೂರು, ಮರಳು ಹಿಡಿದು ಅವ್ವ ಒಂದು ಕಡೆ, ನಾನು ಒಂದು ಕಡೆ ತುಕ್ಕು ಉಜ್ಜಿದೆವು. ಹಟಮಾರಿ ಕಲೆಗಳಿಗೆ ರಾತ್ರಿ ಹುಣಸೆಹಣ್ಣು ಮೆತ್ತಿ ಬೆಳಿಗ್ಗೆ ತಿಕ್ಕಿದೆವು. ಕೈ ಕೆಂಪಗಾಗಿ, ತಿನ್ನುವ ರೊಟ್ಟಿ, ಪುಂಡಿಪಲ್ಯಕ್ಕೂ ಕಬ್ಬಿಣದ ರುಚಿ ಬರುತ್ತಿತ್ತು. ನೆಲದ ತಗಡು ಜರಡಿಯಾಗಿತ್ತು. ಅಪ್ಪ ಸೀಮೆಎಣ್ಣೆ ಡಬ್ಬ ಕತ್ತರಿಸಿ ತೇಪೆ ಇಟ್ಟು, ರಿವೆಟ್ ಹೊಡೆದು, ಸಂದಿಗೆ ತವರ ಕರಗಿಸಿ ಬಿಟ್ಟ. ಮಡ್‌ಗಾರ್ಡಿನ ಒಂದು ಕಡೆ ಮರಳಿನ ಚೀಲ ಒತ್ತಿ ಹಿಡಿದು ಇನ್ನೊಂದು ಕಡೆಯಿಂದ ಮರದ ಕೊಡತಿಯಲ್ಲಿ ಮೆಲ್ಲಗೆ ಬಡಿದು ಸುಕ್ಕು ಬಿಡಿಸಿದ. ಚೀಲ ಹಿಡಿಯುವ ಕೆಲಸ ನನ್ನದು. ಬಣ್ಣ ಹಚ್ಚುವ ದಿನ ಹಾರುವ ಹತ್ತಿ ಅಂಟದಿರಲೆಂದು ಅವ್ವ ತನ್ನ ಸೀರೆಗಳನ್ನೆಲ್ಲ ನೀರಲ್ಲಿ ಅದ್ದಿ ಗಾಡಿಯ ಸುತ್ತ ಪರದೆ ಕಟ್ಟಿದಳು. ಒಳಗೆ ಬಣ್ಣದ ಘಾಟು, ಹೊರಗೆ ಒದ್ದೆ ಸೀರೆಯ ತಂಪು. ಓಣಿಯ ಮಕ್ಕಳು ಸೀರೆಯ ಸಂದಿಯಿಂದ ಇಣುಕುತ್ತಿದ್ದರು. ನಾನು ಒಬ್ಬರನ್ನೂ ಒಳಗೆ ಬಿಡಲಿಲ್ಲ.

ಅಪ್ಪ ಕೊಡತಿ ಹಿಡಿದು ಎಡಬಾಗಿಲಿಗೆ ಹೋದಾಗ ಅವ್ವ ಅಡ್ಡ ನಿಂತಳು.

"ಅದನ್ನ ಮುಟ್ಟಬ್ಯಾಡ."

"ಇಷ್ಟು ಚೆಂದ ಆಗೈತಿ, ಅದೊಂದು ನೆಗ್ಗು ಇಟ್ಕೊಂಡು ಏನು ಮಾಡ್ತಿ? ನನ್ನ ಕಣ್ಣಿಗೆ ಚುಚ್ಚತೈತಿ."

"ಚುಚ್ಚಲಿ. ಅವನ ಮಗ ಮಾಡಿದ್ದು ಅದು. ಬಣ್ಣಾನೂ ಹಚ್ಚಬ್ಯಾಡ."

ಗಾಡಿ ನೋಡಲು ಬಂದವರು ಆ ತುಕ್ಕಿನ ನೆಗ್ಗನ್ನು ತೋರಿಸಿ ಕೇಳಿಯೇ ಕೇಳುತ್ತಿದ್ದರು. ಅಪ್ಪ ತಲೆ ತಗ್ಗಿಸಿ, "ದೃಷ್ಟಿ ತಾಗಬಾರದಂತ ಬಿಟ್ಟೀನಿ" ಅನ್ನುತ್ತಿದ್ದ. ಅವ್ವ ಒಳಗಿಂದ ಬಂದು ಕುರಿಹಿಂಡಿನಿಂದ ಹಿಡಿದು ಕೀಲಿ ಕಿತ್ತುಕೊಂಡ ತನಕ ಎಲ್ಲ ಹೇಳಿ, ಬಂದವರನ್ನು ಕೂಡಿಸಿ ಉಗ್ಗಾಣಿ ತಿನ್ನಿಸಿ ಕಳಿಸುತ್ತಿದ್ದಳು. ಉಪ್ಪು ತಿಂದವರು ಸುಮ್ಮನಿರುತ್ತಾರೆಯೇ? ಮಾತು ಬಾವಿಕಟ್ಟೆಗೆ ಹೋಯಿತು, ಸಂತೆಗೆ ಹೋಯಿತು, ಮಿಲ್ಲಿಗೂ ಹೋಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಒಂದು ಬೆಳಿಗ್ಗೆ ಅವ್ವ ನಂದವರಂಗೆ ತನ್ನ ಅಕ್ಕನ ಮನೆಗೆ ಹೋಗಿದ್ದಾಗ ಮಿಲ್ಲಿನ ಗುಮಾಸ್ತ ಬಂದ.

"ಏಮಯ್ಯಾ ಈರಣ್ಣಾ, ಆಗಿದ್ದು ಆತು. ಹೊಸ ಕಾರಿಗೆ ನೀನೇ ಬಾ ಅಂತ ಸಾಹುಕಾರ್ರು ಅಂದಾರ. ಆ ನೆಗ್ಗೊಂದು ಬಡಿದು ತೆಗೆದುಬಿಡು. ದೇವನಕೊಂಡದಿಂದ ಚಿಕ್ಕ ಧಣಿಗೆ ಹೆಣ್ಣು ಕೊಡೋರು ಬರೋರದಾರ. ಅವರ ಕಿವೀಗೆ ನಿನ್ನ ಹೆಂಡ್ತಿ ಕಥಿ ಬೀಳಬಾರದು."

ಅವನು ಹೋದ ಮೇಲೆ ಅಪ್ಪ ಗಾಡಿಯ ಎಡಬಾಗಿಲ ಮುಂದೆ ಕೂತು ನೆಗ್ಗಿನ ಮೇಲೆ ಬೆರಳಾಡಿಸಿದ. ಆಮೇಲೆ ಮರಳಿನ ಚೀಲ ತಂದು, "ನೀಲಿ, ಹಿಡಿ ಬಾ" ಅಂದ.

"ನಾ ಹಿಡಿಯಂಗಿಲ್ಲ."

"ಹಗೆ ಹೊಟ್ಟಿ ತುಂಬಸಂಗಿಲ್ಲ ಮಗಳೇ. ನಿಮ್ಮವ್ವ ಬಿಸಿಲಾಗ ಎಷ್ಟು ದಿನ ಹತ್ತಿ ಬಿಡಿಸ್ಬೇಕು?"

ನಾನು ಮುಖ ತಿರುಗಿಸಿ ಕೂತೆ. ಅವನು ಚೀಲವನ್ನು ಮಣೆಯ ಆಸರೆಯಲ್ಲಿ ನಿಲ್ಲಿಸಿ ಒಬ್ಬನೇ ಬಡಿದ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹೊಸದರಂತೆ ಸಪಾಟಾಯಿತು. ಅದರ ಮೇಲೆ ಕೈಯಾಡಿಸುವಾಗ ಅವನ ಮುಖದಲ್ಲಿ ಸುಖವಿತ್ತು. ಅವತ್ತು ಅಪ್ಪನನ್ನು ಕಂಡರೆ ನನಗೆ ಆಗಲಿಲ್ಲ.

ಹೊತ್ತು ಇಳಿಯುವಾಗ ಅವ್ವ ಬಂದಳು. ಬಾಗಿಲು ನೋಡಿದಳು. ಅಪ್ಪ ಗುಮಾಸ್ತನ ಮಾತು ಹೇಳಲು ಶುರುಮಾಡಿದ. ಆಕೆ ಕೇಳಿಸಿಕೊಳ್ಳುತ್ತಲೇ ಒಳಗೆ ಹೋಗಿ ಒನಕೆ ತಂದಳು, ಸೆರಗು ಸೊಂಟಕ್ಕೆ ಸಿಗಿಸಿದಳು, ಎತ್ತಿ ಬಾಗಿಲಿಗೆ ಹಾಕಿದಳು. ಮರದ ಮೇಲಿನ ಕಾಗೆಗಳು ಎದ್ದುಹೋದವು. ಮತ್ತೊಂದು ಹಾಕಿದಳು. ಸುತ್ತಲಿದ್ದ ಹೊಸ ಬಣ್ಣ ಸಿಪ್ಪೆಸಿಪ್ಪೆಯಾಗಿ ಉದುರಿತು.

"ನಿನ್ನನ್ನ ಕುಡುಕ ಅಂದೋರ ಗಾಡಿ ತೊಳಿಯಾಕ ಹೋಗ್ತಿ? ನನ್ನ ಹೊಟ್ಟಿ ನಾ ತುಂಬಿಸ್ಕೊತೀನಿ, ನಿಂದೂ ತುಂಬಿಸ್ತೀನಿ. ಮರ್ಯಾದಿ ಮಾತ್ರ ಯಾರ ಹೊಲದಾಗೂ ಬಿಡಿಸಾಕ ಸಿಗಂಗಿಲ್ಲ."

ಅಪ್ಪ ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂತ ನನಗೆ ಹೆದರಿಕೆ. ಅವನು ಎದ್ದು ಬಂದು ಬಾಗಿಲನ್ನೇ ನೋಡಿದ.

"ನೆಗ್ಗು ಮ್ಯಾಲಾತು," ಅಂದ. "ಮೊದಲಿಂದು ಹಿಡಿಕಿಯಿಂದ ಒಂದು ಗೇಣು ಕೆಳಗಿತ್ತು. ತಾ ಇಲ್ಲಿ."

ಒನಕೆ ತೆಗೆದುಕೊಂಡು ತಾನೇ ಹಾಕಿದ. ಎರಡು ವರ್ಷದ ಸಿಟ್ಟು ಅವನ ತೋಳಲ್ಲೂ ಇತ್ತೆಂದು ನನಗೆ ಆಗ ತಿಳಿಯಿತು. ಆಮೇಲೆ ಕೂತು ಸುತ್ತಿಗೆಯಿಂದ ಅಂಚು ಸರಿಮಾಡಿ, ಉಪ್ಪುನೀರು ಬಳಿದ. ಕೆಲವೇ ದಿನದಲ್ಲಿ ಅಲ್ಲಿ ತುಕ್ಕು ಮೊದಲಿಗಿಂತ ಚೆಂದ ಹೂ ಬಿಟ್ಟಿತು.

ದೇವನಕೊಂಡದವರು ಬಂದ ದಿನವೇ ಗಾಡಿ ಹೊರಟಿತು. ಮುಂದೆ ಅಪ್ಪ, ಹಿಂದೆ ಅವ್ವ ಮತ್ತು ನಾನು. ಮಿಲ್ಲಿನ ಗೇಟಿನ ಮುಂದೆ ಎಡಬಾಗಿಲು ಗೇಟಿಗೆ ಎದುರಾಗುವಂತೆ ನಿಲ್ಲಿಸಿ ಅಪ್ಪ ಹಾರನ್ನು ಹಿಚುಕಿದ. ಹಮಾಲರು ಮೂಟೆ ಇಳಿಸಿ ಬಂದರು. ಸಾಹುಕಾರ ಬಂದ, ಮಗ ಬಂದ, ಬೀಗರಾಗುವವರು ಮೆಟ್ಟಿಲಿಳಿದು ಬಂದರು.

"ಸಾಹುಕಾರ್ರೇ," ಅಂದ ಅಪ್ಪ. ಅಷ್ಟು ಗಟ್ಟಿ ದನಿ ನಾನು ಅವನ ಬಾಯಲ್ಲಿ ಕೇಳಿರಲಿಲ್ಲ. "ಅವತ್ತು ಸ್ಟೇರಿಂಗ್ ಯಾರ ಕೈಯಾಗಿತ್ತು, ನಿಮ್ಮ ಮಗನ್ನ ಕೇಳ್ರಿ. ಇಲ್ಲೇ, ಎಲ್ಲಾರ ಮುಂದ."

ಸಾಹುಕಾರ ಕೇಳಲಿಲ್ಲ. ಮಗ ಆ ನೆಗ್ಗನ್ನು ನೋಡಿದ. ಅದು ಅವನು ಮಾಡಿದ್ದಲ್ಲ, ನಮ್ಮ ಒನಕೆಯದು. ಆದರೆ ಅವನ ಮುಖ ಸುಣ್ಣವಾಯಿತು. "ನನ್ನ ಕೈಯಾಗ ಇತ್ತು" ಅಂದು ತಲೆ ತಗ್ಗಿಸಿ ಒಳಗೆ ಹೋದ. ಮುದುಕ ಹಮಾಲನೊಬ್ಬ ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು. ಆ ನಗೆಯ ಸವಿ ಇನ್ನೂ ನನ್ನ ನಾಲಿಗೆಯ ಮೇಲಿದೆ. ಸಾಹುಕಾರನ ಮುಖ ನೋಡಲೆಂದೇ ನಾನು ಸೀಟಿನ ಮೇಲೆ ಎದ್ದು ನಿಂತಿದ್ದೆ. ಆ ಸಂಬಂಧ ಮುರಿದುಹೋಯಿತು. ನನಗೆ ಮರುಕ ಬರಲಿಲ್ಲ. ಅಪ್ಪನ ಗಾಡಿಗೆ ಮರುವಾರದಿಂದಲೇ ಬಾಡಿಗೆ ಸಿಗತೊಡಗಿತು.

ಈಗ ಅಪ್ಪ ಇಲ್ಲ, ಅವ್ವ ಇಲ್ಲ, ಗಾಡಿ ಯಾರ ಕೈಯಲ್ಲಿ ಸವೆದುಹೋಯಿತೋ ಗೊತ್ತಿಲ್ಲ. ನಾನು ಓದಿದೆ, ನೌಕರಿ ಮಾಡಿದೆ, ನಾಲ್ಕು ಜನರ ಮುಂದೆ ಮಾಡದ ತಪ್ಪಿಗೆ ಮಾತು ಅನ್ನಿಸಿಕೊಂಡು ಮನೆಗೆ ಬಂದ ದಿನಗಳು ನನಗೂ ಇದ್ದವು. ಗಂಡ, ಮಕ್ಕಳು ಎಲ್ಲರೂ ಒಳ್ಳೆಯವರು. "ಹೋಗಲಿ ಬಿಡು, ದೊಡ್ಡದು ಮಾಡಬೇಡ" ಅನ್ನುತ್ತಾರೆ. ನಾನೂ ಬಿಟ್ಟಿದ್ದೇನೆ. ಆದರೆ ನನಗೆ ಆದದ್ದು ತನಗೇ ಆಯಿತು ಎನ್ನುವಷ್ಟು ಸಿಟ್ಟಾಗಿ, "ಯಾರು ಅಂದದ್ದು?" ಎಂದು ಕೇಳುವವರು ಅವ್ವ ಹೋದ ಮೇಲೆ ನನಗೆ ಯಾರೂ ಸಿಗಲಿಲ್ಲ.