ತಪಾಸಣೆಗೆ ಬಂದವರಿಗೆ ಚಹಾ

ಬೆಳಿಗ್ಗೆ ಹಾಲು ತರಲು ಬಾಗಿಲು ತೆರೆದಾಗ ಬೀದಿಯ ಅಂಚಿನುದ್ದಕ್ಕೂ ಬಿಳಿಯ ಗೆರೆಯೊಂದು ಕಂಡರೆ ನಿಮಗೇನನ್ನಿಸುತ್ತದೋ ನಾನರಿಯೆ. ನನಗಂತೂ ಅನುಮಾನ ಬರುತ್ತದೆ. ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಬ್ಲೀಚಿಂಗ್ ಪೌಡರ್ ಸುಮ್ಮನೆ ಉದುರುವ ಪದಾರ್ಥವಲ್ಲ. ಅದು ಬಿತ್ತೆಂದರೆ ಯಾರೋ ದೊಡ್ಡವರು ಏನನ್ನೋ ನೋಡಲು ಬರುತ್ತಿದ್ದಾರೆ, ಅವರ ಕಣ್ಣಿಗೆ ಬೀಳಬಾರದ್ದು ಇನ್ನೇನೋ ಇದೆ ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ನಾನು ಬಾಗಿ, ಚಿಟಿಕೆ ಪುಡಿ ತೆಗೆದು, ಮೂಸಿ, ಎರಡು ಸಲ ಸೀನಿ, ಆಮೇಲಷ್ಟೇ ಹಾಲಿಗೆ ಹೋಗುವುದು.

ಈ ಗುಣ ವೃತ್ತಿಯಿಂದ ಬಂದದ್ದು. ಕಾಲೇಜಿನಲ್ಲಿ ಪಾಠ ಹೇಳಿದ್ದಕ್ಕಿಂತ ಪರೀಕ್ಷಾ ಕೊಠಡಿ ಕಾದದ್ದೇ ಹೆಚ್ಚು ನೆನಪಿರುವ ನಿವೃತ್ತ ಉಪನ್ಯಾಸಕ ನಾನು. ತಲೆ ತಗ್ಗಿಸಿ ಬರೆಯುವವನನ್ನು ಕಂಡರೆ ತೊಡೆಯ ಮೇಲೇನಿದೆ ಎಂದೂ, ತಲೆಯೆತ್ತಿ ಕೂತವನನ್ನು ಕಂಡರೆ ಯಾರ ಸನ್ನೆಗೆ ಕಾಯುತ್ತಿದ್ದಾನೆ ಎಂದೂ ಯೋಚಿಸಿ ಯೋಚಿಸಿ, ಕೊನೆಗೆ ದೇವರೇ ವರ ಕೊಡಲು ಪ್ರತ್ಯಕ್ಷನಾದರೂ ಗುರುತಿನ ಚೀಟಿ ಕೇಳುವ ಸ್ಥಿತಿಗೆ ಬಂದಿದ್ದೇನೆ. ಉಪ್ಪಿಟ್ಟಿನಲ್ಲಿ ಗೋಡಂಬಿ ಕಂಡ ದಿನ ಯಾರೋ ನೆಂಟರು ಬರುವವರಿದ್ದಾರೆಂದು ಹೆಂಡತಿ ಹೇಳುವ ಮೊದಲೇ ನನಗೆ ತಿಳಿದಿರುತ್ತದೆ.

ನಮ್ಮೆದುರು ಮನೆಯ ಕೊಟ್ರಮ್ಮ ನಸುಕಿನಲ್ಲೆದ್ದು ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂವು ತಂದು, ಬಾಗಿಲಲ್ಲಿ ಒಂದು ಹಲಗೆಯ ಮೇಲೆ ಕೂತು ಮಾಲೆ ಕಟ್ಟಿ, ಮಾರಿ ಬದುಕುವವಳು. ಆಕೆಯ ಬಾಗಿಲ ಮುಂದೆಯೇ ಚರಂಡಿಯ ಚಪ್ಪಡಿ ಮುರಿದು, ಒಂದು ಕಾಲು ಸಲೀಸಾಗಿ ಇಳಿಯುವಷ್ಟು ತಗ್ಗಾಗಿತ್ತು. ಒಂದು ನಸುಕಿನಲ್ಲಿ ಇಳಿದದ್ದು ಆಕೆಯ ಕಾಲೇ. ಪಾದದ ಮೂಳೆ ಬಿರುಕು ಬಿಟ್ಟಿತು, ಕೂಡಿಕೊಂಡಿತು, ಪಟ್ಟಿಯನ್ನೂ ಬಿಚ್ಚಿದರು. ಆದರೂ ಆಕೆ ಹೊಸ್ತಿಲು ದಾಟಲಿಲ್ಲ. “ಕಾಲು ನೆಟ್ಟಗಾಗೈತ್ರಿ ಮೇಷ್ಟ್ರೇ, ಧೈರ್ಯ ಬರ್ತಿಲ್ಲ” ಎನ್ನುತ್ತಿದ್ದಳು. ಹೂವಿನ ಬುಟ್ಟಿ ಬಾಗಿಲ ಪಕ್ಕ ಬೋರಲಾಗಿ ಬಿದ್ದಿರುತ್ತಿತ್ತು. 

ದೂರು ಕೊಟ್ಟೆ. ಈಗ ಪಾಲಿಕೆಗೆ ದೂರು ಕೊಡುವುದೇನೋ ಸುಲಭ. ಮೊಬೈಲಿನಲ್ಲೇ ಫೋಟೋ ಸಮೇತ ಕಳಿಸಬಹುದು. ಸ್ಥಳ ಪರಿಶೀಲನೆಗೆ ಬರುತ್ತೇವೆಂದು ಉತ್ತರವೂ ಬಂತು. ಬರುವ ದಿನ ಮಾತ್ರ ನಾನು ಹರಿಹರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆ ಹೋಗಲೇಬೇಕಾದ ದಿನವಾಗಿತ್ತು. ಬೇಕೆಂದೇ ಆ ದಿನ ಆರಿಸಿದ್ದಾರೆಂದು ನನಗನ್ನಿಸಿತು. ಮದುವೆಯ ಮುಹೂರ್ತ ಇಟ್ಟವರ ಮೇಲೂ ಸ್ವಲ್ಪ ಸಂಶಯ ಬಂತೆಂದರೆ ನೀವು ನಗಬಾರದು.

ಊಟ ಮುಗಿಸಿ ಬಸ್ಸು ಹತ್ತಿ ಬರುವಾಗ, ದಾರಿಯಲ್ಲಿ ಬಾತಿ ಎಂಬ ಊರು ದಾಟುತ್ತಿದ್ದಂತೆ ಮೊಬೈಲು ಸದ್ದು ಮಾಡಿತು. ದೂರನ್ನು ಪರಿಶೀಲಿಸಲಾಗಿದೆ, ಸ್ಥಳದಲ್ಲಿ ಯಾವುದೇ ತೊಂದರೆ ಕಂಡುಬಂದಿಲ್ಲ, ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಅಲ್ಲಿಂದ ನಮ್ಮ ನಿಲ್ದಾಣ ಬರುವಷ್ಟರಲ್ಲಿ ನಾನು ಒಂದು ಇಡೀ ಷಡ್ಯಂತ್ರವನ್ನು ಬಯಲಿಗೆಳೆದಿದ್ದೆ. ಬಂದೇ ಇಲ್ಲ, ಬಂದಿದ್ದರೂ ಬೇರೆ ಓಣಿಗೆ ಬಂದಿದ್ದಾರೆ, ಈ ಓಣಿಗೇ ಬಂದಿದ್ದರೂ ಯಾರದೋ ಫೋನಿಗೆ ಹೆದರಿ ಕಣ್ಣು ಮುಚ್ಚಿಕೊಂಡು ಹೋಗಿದ್ದಾರೆ. ಪಕ್ಕದ ಸೀಟಿನವರು ನನ್ನ ಮುಖ ನೋಡಿ ಕಿಟಕಿ ತೆರೆದುಕೊಟ್ಟರು.

ಮನೆಗೆ ಬಂದವನೇ ಚಪ್ಪಲಿ ಬಿಡದೆ ಹೆಂಡತಿಯ ವಿಚಾರಣೆ ಶುರುಮಾಡಿದೆ.

“ಬಂದಿದ್ರು ಕಣ್ರಿ, ಇಬ್ರು. ಭಾಳ ಒಳ್ಳೆ ಜನ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟೆ. ಚಾ ಕುಡುದು ಹೋದ್ರು.”

“ತಗ್ಗು ತೋರಿಸಿದೆಯಾ?”

“ಬಂದ ಕೂಡ್ಲೆ ದೂರು ಹೇಳೋಕಾಗುತ್ತೇನ್ರಿ? ಚಾ ಕುಡೀಲಿ ಅಂತ ಸುಮ್ನಿದ್ವಿ. ಕುಡುದು, ಓಣಿ ಎಷ್ಟು ಚಂದ ಇಟ್ಕೊಂಡೀರಿ ಅಂದ್ರು. ಹಂಗಂದ ಮ್ಯಾಲೆ ಇಲ್ಲ ಅಂತ ಹೆಂಗೆ ಅನ್ನೋದು?”

ಹೊರಗೆ ಹೋಗಿ ನೋಡಿದೆ. ಓಣಿ ನಿಜಕ್ಕೂ ಚಂದವಾಗಿತ್ತು. ಕಸ ಗುಡಿಸಿ, ನೀರು ಚಿಮುಕಿಸಿ, ಮನೆಮನೆಯ ಮುಂದೆ ರಂಗೋಲಿ ಹಾಕಿದ್ದರು. ಕೊಟ್ರಮ್ಮನ ಮನೆಯ ಮುಂದೆ ತಗ್ಗೇ ಇರಲಿಲ್ಲ. ಆ ಜಾಗದಲ್ಲಿ ಆಕೆ ಕೂತು ಹೂವು ಕಟ್ಟುವ ಹಲಗೆಯಿತ್ತು, ಹಲಗೆಯ ಮೇಲೆ ಎಲ್ಲಕ್ಕಿಂತ ದೊಡ್ಡ ರಂಗೋಲಿಯಿತ್ತು. ಬಂದವರು ಸಭ್ಯರಾದ್ದರಿಂದ ರಂಗೋಲಿ ತುಳಿಯಬಾರದೆಂದು ಸುತ್ತಿ ಬಳಸಿ ನಡೆದಿದ್ದರು. ಒದ್ದೆ ನೆಲದಲ್ಲಿ ಅವರ ಬೂಟಿನ ಗುರುತು ಇನ್ನೂ ಇತ್ತು.

“ನೀನೇ ಮುಚ್ಚಿದೆಯಾ ಕೊಟ್ರಮ್ಮ?” ಎಂದು ಕೇಳಿದೆ. ನನ್ನ ದನಿ ಏರಿತ್ತು.

“ಹೂನ್ರಿ, ಹೊಸ್ತಿಲಾಗೆ ಕುಂತೇ ಹಲಗೆ ಸರಿಸಿದೆ. ನಾನು ಬಿದ್ದೋಳಲ್ರೀ ಮೇಷ್ಟ್ರೇ, ಆ ನೋವು ನಂಗೆ ಗೊತ್ತೈತೆ. ಬಾಗ್ಲಿಗೆ ಬಂದೋರು ಬಿದ್ರೆ ಹೆಂಗೆ?”

ಯಾವ ಫೋನೂ ಇಲ್ಲ, ಷಡ್ಯಂತ್ರವೂ ಇಲ್ಲ. ನನ್ನ ಅಷ್ಟೂ ಅನುಮಾನಗಳು ಹೊರಗಿನವರ ಬೆನ್ನು ಹತ್ತಿ ಅಲೆಯುತ್ತಿದ್ದಾಗ, ನನ್ನ ದೂರನ್ನು ನನ್ನ ಮನೆಯ ಚಹಾ ಮತ್ತು ಎದುರುಮನೆಯ ಹಲಗೆ ಸೇರಿ ಮುಕ್ತಾಯಗೊಳಿಸಿದ್ದವು. ಆಡಳಿತವನ್ನು ಪರಿಶೀಲಿಸಲು ನಾವು ಎಷ್ಟು ಸಮಿತಿಗಳನ್ನು ಕಟ್ಟಿದರೂ, ಪರಿಶೀಲಿಸಲು ಬಂದವರನ್ನು ನೆಂಟರೆಂದು ತಿಳಿಯುವ ಜನರ ಮುಂದೆ ಅವರೇನು ಮಾಡಿಯಾರು? ಮನೆಯ ಹರಕು ಮುಚ್ಚಿಟ್ಟು ಬಂದವರಿಗೆ ಒಳ್ಳೆಯ ಚಾಪೆ ಹಾಸುವುದು ನಮಗೆ ಅಭ್ಯಾಸ. ಅದರ ಮೇಲೆ ಸಿಟ್ಟು ಬಂತು. ಆದರೂ ಆ ರಂಗೋಲಿ ತುಳಿಯದೆ ನಾನೂ ಸುತ್ತಿ ಬಳಸಿಯೇ ಮನೆಗೆ ಬಂದೆ.

ಎರಡನೆಯ ದೂರು ಕೊಟ್ಟೆ. ಅವರು ಬರುವ ದಿನ ನಾನು ಓಣಿ ಬಿಟ್ಟು ಕದಲಲಿಲ್ಲ. ಕಸ ಗುಡಿಸಕೂಡದು, ರಂಗೋಲಿ ಹಾಕಕೂಡದು ಎಂದು ಅಪ್ಪಣೆ ಹೊರಡಿಸಿ, ಹಲಗೆ ತೆಗೆಸಿ, ಪರೀಕ್ಷಾ ಕೊಠಡಿಯ ಗತ್ತಿನಲ್ಲಿ ತಗ್ಗಿನ ಪಕ್ಕ ಕೈಕಟ್ಟಿ ನಿಂತೆ. ಪಾಲಿಕೆಯ ಇಂಜಿನಿಯರು ಬೈಕಿಳಿದು, ಮೊಬೈಲು ನೋಡುತ್ತ ನೇರ ಅತ್ತಲೇ ನಡೆದು ಬಂದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ದೂರಿಗೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿರಲಿಲ್ಲ. ಆದರೆ ನಾನೇ “ಹುಷಾರ್ ರೀ!” ಎಂದು ಕಿರುಚಿ ಅವರ ರಟ್ಟೆ ಹಿಡಿದು ಎಳೆದುಬಿಟ್ಟೆ.

ಹೊಸ್ತಿಲಲ್ಲಿ ನಿಂತಿದ್ದ ಕೊಟ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಮತ್ತೆ ನನ್ನ ಹಲಗೆ ಯಾಕ ತೆಗೆಸಿದ್ರಿ ಮೇಷ್ಟ್ರೇ?”

ಇಂಜಿನಿಯರು ತಗ್ಗನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು, ಬರೆದುಕೊಂಡರು. ಆ ಹೊತ್ತಿಗೆ ನನ್ನ ಹೆಂಡತಿ ಚಹಾ ತಂದಾಗಿತ್ತು.

ಚಪ್ಪಡಿ ಬಂತು. ಅದರ ಮೇಲೆ ನನಗೆ ನಂಬಿಕೆ ಬಂದಿತೆಂದು ತಿಳಿಯಬೇಡಿ. ದಿನವೂ ಬೆಳಿಗ್ಗೆ ಕೊಡೆಯ ತುದಿಯಿಂದ ಕುಟ್ಟಿ, ಸದ್ದು ಆಲಿಸಿ ಹೋಗುತ್ತಿದ್ದೆ. ಇವತ್ತು ಬಾಗಿಲು ತೆರೆದರೆ ಓಣಿಯಲ್ಲಿ ಮತ್ತೆ ಬಿಳಿಯ ಗೆರೆ. ಯಾರು ಬರುವವರಿದ್ದಾರೆ, ಏನನ್ನು ಮುಚ್ಚಿದ್ದಾರೆ ಎಂದುಕೊಳ್ಳುತ್ತ ಅಭ್ಯಾಸದಂತೆ ಬಾಗಿ ಮೂಸಿದೆ. ವಾಸನೆಯಿಲ್ಲ, ಸೀನೂ ಬರಲಿಲ್ಲ. ಬರಿಯ ರಂಗೋಲಿ ಪುಡಿ. ಗೆರೆಯ ಜಾಡು ಹಿಡಿದು ಹೋದರೆ ಅದು ಕೊಟ್ರಮ್ಮನ ಹೊಸ್ತಿಲಿನಿಂದ ಹೊಸ ಚಪ್ಪಡಿಯ ಮೇಲೆ ಹಾದು ಬಂದಿತ್ತು. ಬಾಗಿಲಿಗೆ ಬೀಗ, ಪಕ್ಕದಲ್ಲಿ ಬುಟ್ಟಿಯಿಲ್ಲ.  ಬುಟ್ಟಿ ಯಾರು ಕದ್ದರು ಎಂದು ಹೆಂಡತಿಯನ್ನು ಕೂಗಿದೆ.

“ಯಾರೂ ಕದ್ದಿಲ್ಲ ಕಣ್ರಿ” ಎಂದಳು ಒಳಗಿನಿಂದ. “ನಸುಕಿನಾಗೆ ಮಾರ್ಕೆಟ್‌ಗೆ ಹೋದ್ಲು.”